ಅರ್ಥ ಹೇಳುವಾಕಿ

ನಿಡಸೋಸಿಯ ದುಂಡಪ್ಪನವರಿಗೆ ಪುರಾಣ ಹಾಡಲು ಬರುತ್ತಿತ್ತು, ಅರ್ಥ ಹೇಳಲು ಬರುತ್ತಿರಲಿಲ್ಲ. ಅದರಲ್ಲಿ ಅವರಿಗೆ ನಾಚಿಕೆಯೇನೂ ಇರಲಿಲ್ಲ. ಆ ಸೀಮೆಯ ಪದ್ಧತಿಯೇ ಹಾಗೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆಂದರೆ ಹಾಡುವವರು ಒಬ್ಬರು, ಅರ್ಥ ಬಿಡಿಸುವವರು ಇನ್ನೊಬ್ಬರು. ದುಂಡಪ್ಪನವರು ಕಣ್ಣು ಮುಚ್ಚಿ ಪದ್ಯವನ್ನು ಎತ್ತಿ ನಿಲ್ಲಿಸುವರು. ಬಾಜೂದಲ್ಲಿ ಕುಳಿತ ವೀರಪ್ಪ ಮಾಸ್ತರರು ಅದನ್ನು ಇಳಿಸಿಕೊಂಡು, ಸಿಪ್ಪೆ ಸುಲಿದು, ಜನರ ಕೈಗೆ ಕೊಡುವರು. ಜನ ‘ಹರಹರ’ ಎನ್ನುತ್ತಿದ್ದದ್ದು ಮಾಸ್ತರರ ಮಾತಿಗೆ. ಕಣ್ಣೊರೆಸಿಕೊಳ್ಳುತ್ತಿದ್ದದ್ದು ದುಂಡಪ್ಪನವರ ದನಿಗೆ.

ಹೆಂಗಸರ ಕಡೆಯ ಕಂಬಕ್ಕೆ ಆತುಕೊಂಡು ಕೂಡುತ್ತಿದ್ದ ಮಗಳು ಕಾಶೆವ್ವ ಹನ್ನೆರಡು ತುಂಬುವುದರೊಳಗೆ ಅಪ್ಪನ ಏಳು ಸಂಧಿಗಳನ್ನು ಕಿವಿಯಿಂದಲೇ ಕಲಿತಿದ್ದಳು. ಅಪ್ಪ ಅವಳಿಗೆ ಹೇಳಿಕೊಟ್ಟದ್ದು ಒಂದೇ ಮಾತು. “ಪದ್ಯ ಅಂದರ ಮಣಿಸರ ಇದ್ದಂಗವ್ವಾ. ನಡಬರಕ ಹಿಡದು ಜಗ್ಗಿದಿ ಅಂದರ ಹರದು ಚಲ್ಲತಾವು. ತುದಿ ಹಿಡದು ಬರಬೇಕು.” ಅವಳು ಹಾಗೆಯೇ ಬಂದಳು. ಇಂಥ ಸಂಧಿಯ ಹತ್ತನೆಯ ಪದ್ಯ ಹೇಳು ಎಂದರೆ ಒಂಬತ್ತನ್ನೂ ಹೇಳಿಯೇ ಹತ್ತಕ್ಕೆ ಹೋಗಬೇಕು. ಬೇರೆ ದಾರಿ ಅವಳ ನಾಲಿಗೆಗೆ ಗೊತ್ತಿರಲಿಲ್ಲ.

ಹದಿನಾಲ್ಕಕ್ಕೆ ಅಂಕಲಗಿಗೆ ಕೊಟ್ಟರು. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ. ಆಮೇಲಿನ ಐದು ವರ್ಷ ಭಾವ ಉದ್ದಪ್ಪನ ಮನೆಯಲ್ಲಿ ಬೀಸುವುದು, ಬಳಿಯುವುದು, ಸೆಗಣಿ ತಟ್ಟುವುದು. ಆ ಐದು ವರ್ಷದಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ‘ಇಕಿ’ ಎನ್ನುತ್ತಿದ್ದರು. ಇಕಿಗಿ ರೊಟ್ಟಿ ಹಾಕು. ಇಕಿಗಿ ನೀರಿಗೆ ಕಳಿಸು.

ಮೂವತ್ತಾರನೆಯ ಇಸವಿಯಲ್ಲಿ, ಗೋಕಾಕದ ವ್ಯಾಪಾರಸ್ಥರು ಕೂಡಿ ಕಟ್ಟಿಸಿದ ಹೆಣ್ಣುಮಕ್ಕಳ ದವಾಖಾನೆಯಲ್ಲಿ ಇಬ್ಬರು ಹೆಂಗಸರಿಗೆ ಸೂಲಗಿತ್ತಿಯ ವಿದ್ಯೆ ಕಲಿಸುತ್ತಾರೆಂಬ ಸುದ್ದಿ ಬಂತು. ಒಂದೂವರೆ ವರ್ಷದ ಕಲಿಕೆ. ಕಡೆಗೆ ಪರೀಕ್ಷೆ. ಪಾಸಾದವಳಿಗೆ ಮೂಡಲಗಿಯಲ್ಲಿ ಹೊಸದಾಗಿ ತೆರೆಯುವ ಹೆರಿಗೆ ಕೋಣೆಯಲ್ಲಿ ಕೆಲಸ, ಪಗಾರ, ಇರಲು ಹಿತ್ತಿಲ ಕಡೆ ಒಂದು ಖೋಲಿ. ಕಲಿಯುವವರು ಇಬ್ಬರಾದರೂ ಜಾಗ ಒಂದೇ. ಉದ್ದಪ್ಪ ಒಪ್ಪಿದ, ಒಂದು ಹೊಟ್ಟೆ ಕಡಿಮೆಯಾಗುತ್ತದೆಂದು. ಗಾಡಿ ಹತ್ತುವಾಗ ಹೇಳಿದ: “ಪಾಸಾಗಲಿಲ್ಲಂದರ ಮತ್ತ ಇಲ್ಲೇ ಬಾ. ಬೀಸುಕಲ್ಲು ಎಲ್ಲೀಗೂ ಹೋಗಂಗಿಲ್ಲ.”

ಇನ್ನೊಬ್ಬಳು ಮಸಗುಪ್ಪಿಯ ಅಲ್ಲವ್ವ. ರೈತರ ಮನೆಯ ಹೆಂಗಸು, ಮೂವತ್ತರ ಹತ್ತಿರ. ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ‘ಮನಿಯಾಗ ತೊಟ್ಟಿಲಂತೂ ತೂಗಲಿಲ್ಲ, ಊರವರದರೆ ತೂಗು ಹೋಗು’ ಎಂದು ಗಂಡ ಸತ್ತೆಪ್ಪನೇ ಕಳಿಸಿದ್ದನಂತೆ. ಅವಳ ಸೋದರಮಾವ ಲಕ್ಕಪ್ಪ ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಕಡೆ ಒಬ್ಬ ಸಾಹೇಬನ ಬಂಗಲೆಯಲ್ಲಿ ಮಾಲಿಯಾಗಿದ್ದ. ಹುಡುಗಿಯಾಗಿದ್ದಾಗ ಅಲ್ಲವ್ವ ಆ ಬಂಗಲೆಯಲ್ಲಿ ಆರು ವರ್ಷ ಸಾಹೇಬನ ಮಕ್ಕಳನ್ನು ಎತ್ತಿಕೊಂಡಿದ್ದಳು. “ಮೂಗು ವರಿಸಿ ವರಿಸಿ ಕಲತ ಇಂಗ್ಲೀಷು ನಂದು,” ಎಂದು ನಗುತ್ತಿದ್ದಳು. ಕಿವಿಗೆ ಎಲ್ಲವೂ ತಿಳಿಯುತ್ತಿತ್ತು. ನಾಲಿಗೆ ಮಾತ್ರ ಮಕ್ಕಳ ಮಾತನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ.

ಕಲಿಸುವವರು ಪುಣೆಯಲ್ಲಿ ಓದಿ ಬಂದ ಮರಾಠಿ ಡಾಕ್ಟರಬಾಯಿ. ಕನ್ನಡ ಅರ್ಧ ಬರುತ್ತಿತ್ತು. ರೋಗಿಯ ನೋವು ಕೇಳುವಷ್ಟು, ಬೈಯುವಷ್ಟು. ಪಾಠಕ್ಕೆ ಅದು ಸಾಲದು. ಪರೀಕ್ಷೆಗೆ ಬರುವ ಸಾಹೇಬನಿಗೆ ಅಷ್ಟೂ ಬಾರದು. ಹಾಗಾಗಿ ಪಾಠವೆಲ್ಲ ದಪ್ಪ ರಟ್ಟಿನ ಒಂದು ಇಂಗ್ಲೀಷು ಪುಸ್ತಕದಿಂದ. ಅದರಲ್ಲಿ ಇಪ್ಪತ್ಮೂರು ಅಧ್ಯಾಯ. ಬಾಯಿಯವರು ಬೆಳಿಗ್ಗೆ ಒಂದು ತಾಸು ಗಟ್ಟಿಯಾಗಿ ಓದುವರು, ನಾಳೆ ಒಪ್ಪಿಸಿರಿ ಎನ್ನುವರು.

ಕಾಶೆವ್ವನಿಗೆ ಮೊದಲ ವಾರ ಎದೆಯೇ ಒಡೆದುಹೋಯಿತು. ನಾಲ್ಕನೆಯ ಇಯತ್ತೆ ಕನ್ನಡ ಓದಿದವಳು ಇದನ್ನು ಎಲ್ಲಿಂದ ಹಿಡಿಯಬೇಕು? ಎರಡನೆಯ ವಾರ ಅವಳಿಗೆ ಹೊಳೆಯಿತು: ಇದೂ ಪುರಾಣವೇ. ಅಧ್ಯಾಯ ಸಂಧಿಯಾಯಿತು, ಸಾಲು ಪದ್ಯವಾಯಿತು. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು, ಅದಕ್ಕೊಂದು ಧಾಟಿ ಹಚ್ಚಿದಳು. ತಿಂಗಳು ತುಂಬುವುದರೊಳಗೆ ಮೂರು ಅಧ್ಯಾಯ ನೀರು ಹರಿದಂತೆ ಬಂದವು. ಡಾಕ್ಟರಬಾಯಿ ಬೆರಗಾಗಿ, “ಶಾಬಾಸ್,” ಎಂದರು. ಬಹಳ ವರ್ಷಗಳ ಮೇಲೆ ಯಾರೋ ಅವಳಿಗೆ ಒಳ್ಳೆಯದೊಂದು ಮಾತಾಡಿದ್ದರು. ಹೆಸರು ಹಿಡಿದು ಬೇರೆ, ‘ಕಾಶೀಬಾಯಿ’ ಎಂದು.

ಅರ್ಥಕ್ಕೆ ಅಲ್ಲವ್ವ ಇದ್ದಳು. ದವಾಖಾನೆಯ ಹಿತ್ತಿಲಲ್ಲಿ ರಕ್ತದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರಿಬ್ಬರ ಮಠ.

“ಹೂಂ, ಎತ್ತು,” ಎನ್ನುವಳು ಅಲ್ಲವ್ವ, ಬಟ್ಟೆ ಬಡಿಯುತ್ತ.

“ದಿ ಸೆಕೆಂಡ್ ಸ್ಟೇಜ್ ಬಿಗಿನ್ಸ್ ವ್ಹೆನ್ ದಿ ಆಸ್ ಈಸ್ ಫುಲಿ ಡೈಲೇಟೆಡ್...”

“ನಿಲ್ಲು. ಅಂದರ, ಬಾಗಲಾ ಪೂರಾ ತಗದೈತಿ. ಇನ್ನ ಹೊಸ್ತಿಲಾ ದಾಟೂದಷ್ಟ.”

“ನಡಕ ನಿಲ್ಲು ಅನಬ್ಯಾಡ ಅಲ್ಲಕ್ಕಾ. ಮತ್ತ ಮೊದಲಿಂದ ಬರಬೇಕಾಗತೈತಿ.”

“ಏನವ್ವಾ ತಾಯಿ, ಗಿರಣಿ ಭೋಂಗಾ ಆದಿ ನೀ. ಒಮ್ಮಿ ಶುರುವಾತಂದರ ತಾನ ನಿಂದರಬೇಕು.” ಅಲ್ಲವ್ವ ನೀರು ಚಿಮುಕಿಸುವಳು. “ಹೇಳು ಹೇಳು. ಹಾಡಾಕಿ ನೀ, ಹೇಳಾಕಿ ನಾ. ಇಬ್ಬರೂ ಕೂಡಿದರ ಒಬ್ಬಾಕಿ ಚಲೋ ಡಾಕ್ಟರಬಾಯಿ ಆಗತಾಳ.”

ಕೈಕೆಲಸದಲ್ಲಿ ಕಾಶೆವ್ವ ಹಿಂದೆ ಬಿದ್ದವಳಲ್ಲ. ನೆಟ್ಟಗಿನ ಹೆರಿಗೆಗಳನ್ನು ಅವಳ ಕೈ ತಾನೇ ಕಲಿತುಕೊಂಡಿತು. ಆದರೆ ತೊಡಕಿನ ಹೆರಿಗೆಯೆಂದರೆ ಡಾಕ್ಟರಬಾಯಿ ತಾವೇ ಮುಂದೆ ಬರುವರು. ಕಲಿಯುವವರು ಬಿಸಿನೀರು ಹಿಡಿದು ಹಿಂದೆ ನಿಲ್ಲಬೇಕು. ಅಂಥ ಹೊತ್ತಿನಲ್ಲಿ ಕಾಶೆವ್ವ ಕಂಡದ್ದು ಬಾಯಿಯವರ ಬೆನ್ನು. ಅವರು ಇಂಗ್ಲೀಷಿನಲ್ಲಿ ಏನೋ ಸಾಮಾನು ಕೇಳುವರು. ಅಲ್ಲವ್ವ ತಿಳಿದು ಅದನ್ನು ಎತ್ತಿಕೊಡುವಳು. ಕಾಶೆವ್ವ ಅಲ್ಲವ್ವನ ಕೈ ನೋಡಿ ತನ್ನ ಕೈ ಚಾಚುವಳು.

ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು.

ಸಾಹೇಬ ಮೇಜಿನ ಹಿಂದೆ ಕುಳಿತಿದ್ದ, ಬಾಜೂದಲ್ಲಿ ಡಾಕ್ಟರಬಾಯಿ. ಅವನು ಕೇಳಿದ ಪ್ರಶ್ನೆಯಲ್ಲಿ ಕಾಶೆವ್ವನಿಗೆ ತಿಳಿದದ್ದು ಒಂದೇ ಶಬ್ದ; ಅದು ಒಂಬತ್ತನೆಯ ಅಧ್ಯಾಯದ ತಲೆಯ ಮೇಲಿತ್ತು. ಕಣ್ಣು ಮುಚ್ಚಿ ಒಂಬತ್ತನೆಯದನ್ನು ತುದಿಯಿಂದ ಹಿಡಿದಳು. ಒಂದು ಪುಟ, ಎರಡು ಪುಟ. ಸಾಹೇಬ ನಕ್ಕು ಕೈ ಎತ್ತಿದ. ಇನ್ನೊಂದು ಕೇಳಿದ. ಹದಿನೇಳನೆಯದನ್ನು ಹಿಡಿದಳು. ಅವನು ಡಾಕ್ಟರಬಾಯಿಯ ಕಡೆ ತಿರುಗಿ ಏನೋ ಮೆಚ್ಚಿ ನುಡಿದ. ಬಾಯಿಯವರ ಮುಖ ಅರಳಿತು.

ಅಲ್ಲವ್ವ ಒಳಗೆ ಹೋಗಿ ಬಹಳ ಹೊತ್ತಾಗಲಿಲ್ಲ. ಹೊರಗೆ ಬಂದಾಗ ನಗುತ್ತಿದ್ದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ.

“ಹಳ್ಳ್ಯಾಗ ಒಬ್ಬಾಕೀನ ಅದಿ, ಬಾಣಂತಿಗೆ ರಕ್ತಾ ನಿಂದರವಲ್ತು, ಏನ ಮಾಡತಿ ಅಂತ ಕೇಳಿದಾ. ಎಲ್ಲಾ ಹೇಳಿದೆ ಕಾಶಿ. ಹೊಟ್ಟಿಗೆ ಟಮ್ಮಿ ಅಂದೆ. ಉಚ್ಚಿಗೆ ವೀ-ವೀ ಅಂದೆ. ಸಾಹೇಬನ ಮಕ್ಕಳು ಹಂಗ ಅಂತಿದ್ದೂ ಅಲ್ಲಾ. ಮಾರಿ ಕೆಂಪಗ ಮಾಡಿಕೊಂಡ ನೋಡು, ಟೊಮ್ಯಾಟಿ ಆದಾಂಗ.”

ಕಾಶೆವ್ವನೂ ನಕ್ಕಳು.

ಆ ಸಂಜೆ ಡಾಕ್ಟರಬಾಯಿ ಅವಳೊಬ್ಬಳನ್ನೇ ಕರೆದರು. ಅಲ್ಲವ್ವ ನಾಪಾಸು. ಮೂಡಲಗಿಯ ಕಾಗದಕ್ಕೆ ಸಹಿ ಮಾಡುವ ಮೊದಲು ಅವರು ಪೆನ್ನನ್ನು ಎತ್ತಿ ಹಿಡಿದು ಕೇಳಿದರು: “ಕಾಶೀಬಾಯಿ, ನೀ ಹೇಳತೀ ಅದು ಎಲ್ಲಾ ನಿನಗ ಸಮಜತೈತಿ ನಾ?”

ಪೆನ್ನಿನ ತುದಿಯಲ್ಲಿ ಮಸಿ ಮಣಿಗಟ್ಟಿತ್ತು. ಕಾಶೆವ್ವನಿಗೆ ಕಂಡದ್ದು ಅಂಕಲಗಿಯ ಬೀಸುಕಲ್ಲು.

“ತಿಳೀತೈತ್ರಿ ಬಾಯಾರ,” ಎಂದಳು.

*

ಮೂಡಲಗಿಯಲ್ಲಿ ಅವಳಿಗೆ ಹೆಸರು ಬಂತು. ಗೋಡೆಯ ಮೇಲೆ ಕಾಜಿನ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು, ಬಿಳಿ ಸೀರೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಪೇಟೆಯ ಗಂಡಸರು ಕೂಡ ದಾರಿ ಬಿಟ್ಟು ನಿಲ್ಲುತ್ತಿದ್ದರು. ಏಳು ತಿಂಗಳಲ್ಲಿ ಮೂವತ್ತೊಂದು ಹೆರಿಗೆ, ಶಿವನ ದಯದಿಂದ ಎಲ್ಲವೂ ನೆಟ್ಟಗೆ. ಪ್ರತಿ ಸಲವೂ ಕೈ ತೊಳೆದುಕೊಳ್ಳುವಾಗ ಲಿಂಗವನ್ನು ಕಣ್ಣಿಗೊತ್ತಿಕೊಂಡು, ‘ಈ ಸಲ ಪಾರಾದೆ ತಂದೆ’ ಎನ್ನುವಳು. ಸಂಜೆ ದೀಪ ಹಚ್ಚಿ ಎರಡು ಅಧ್ಯಾಯ ಒಪ್ಪಿಸಿಕೊಳ್ಳುವಳು, ಮರೆಯಬಾರದೆಂದು. ಒಂದಕ್ಷರ ಮರೆತಿರಲಿಲ್ಲ.

ಒಂದು ಸಂತೆಯ ದಿನ ಅಲ್ಲವ್ವ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ.

“ಹತ್ತ ವರ್ಷ ಬ್ಯಾಡಾ ಅಂದ ದೇವರು ಈಗ ನೆನಪ ಮಾಡಿಕೊಂಡಾನ ನೋಡು. ಆರು ತುಂಬ್ಯಾವ.” ಖೋಲಿಯನ್ನೆಲ್ಲ ಸುತ್ತಿ ನೋಡಿದಳು. ಸರ್ಟಿಫಿಕೇಟಿನ ಮುಂದೆ ನಿಂತು ಸೆರಗಿನಿಂದ ಕಾಜಿನ ಧೂಳು ಒರೆಸಿದಳು. ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದ ಕಾಶೆವ್ವನಿಗೆ ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಚಲೋ ಇತ್ತು ಅನಿಸಿತು.

ರೊಟ್ಟಿ ತಿನ್ನುತ್ತ ಅಲ್ಲವ್ವ ದನಿ ಇಳಿಸಿದಳು. “ಕಾಶಿ, ಸಿಟ್ಟಾಗಬ್ಯಾಡ. ಇಪ್ಪತ್ಮೂರೂ ನಿನ್ನ ಬಾಯಾಗ ಅದಾವು. ಒಳಗಿಂದು ಎಷ್ಟ ತಿಳದೈತಿ ನನಗ ಗೊತ್ತೈತಿ. ನಾ ಹದಿನೈದ ದಿನಾ ಬಂದು ಇರತೇನಿ. ನೀ ಹಾಡು, ನಾ ಹೇಳತೇನಿ, ನೀ ಬರಕೊ. ಒಂದ ವಹಿ ಆತಂದರ ಮುಗೀತು, ನಿನ್ನ ಜಲ್ಮಕ್ಕ ಆತು.”

ಹೊರಗೆ ಕಟ್ಟೆಯ ಮೇಲೆ ದವಾಖಾನೆಯ ಜವಾನ ಬೀರಸಿದ್ದಪ್ಪ ಎಲೆ ಹಾಕಿಕೊಳ್ಳುತ್ತಿದ್ದ. ಅವನ ಕಿವಿಗೆ ಬಿದ್ದ ಯಾವ ಮಾತೇ ಆಗಲಿ ಸಂಜೆಯೊಳಗೆ ಪೇಟೆಯೆಲ್ಲ ಸುತ್ತುತ್ತಿತ್ತು. ಸರ್ಟಿಫಿಕೇಟಿನ ಬಾಯಿಗೆ ನಾಪಾಸಾದಾಕಿ ಪಾಠ ಹೇಳತಾಳಂತ. ಅದು ಗೋಕಾಕ ಮುಟ್ಟಿದರೆ?

“ಬಸರಿ ಹೆಂಗಸು ಎಲ್ಲೆರೆ ತಿರಗ್ಯಾಡತಾಳೇನು,” ಎಂದಳು ಕಾಶೆವ್ವ. “ನಿನ್ನ ಹೆರಿಗಿ ಮುಗೀಲಿ. ಆಮ್ಯಾಲ ನೋಡೂಣು.”

ಅಲ್ಲವ್ವ ಉಳಿದ ರೊಟ್ಟಿಯನ್ನು ಮಡಚಿ ತಾಟಿನಲ್ಲಿಟ್ಟಳು. “ಆಯ್ತು ತಗಿ. ಹೆರಿಗಿಗೆ ನೀನ ಬರಬೇಕ ಮತ್ತ. ನಮ್ಮತ್ತಿ ಊರ ಸೂಲಗಿತ್ತೀನ ಕರೀತೇನಿ ಅನ್ನಾಕತ್ತಾಳ.”

*

ಮಾಘ ಮಾಸದ ಒಂದು ಬೆಳಿಗ್ಗೆ ಸತ್ತೆಪ್ಪ ಗಾಡಿ ತಂದ. ಮಸಗುಪ್ಪಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲವ್ವನ ಅತ್ತೆ ಮರೆವ್ವ ಬಾಗಿಲಲ್ಲೇ ನಿಂತಿದ್ದಳು. “ಬರ್ರಿ ಬಾಯಾರ. ನಿನ್ನೀಯಿಂದ ತಲೀ ತಿನ್ನಾಕತ್ತಾಳ್ರಿ, ನಿಮ್ಮನ್ನ ಬಿಟ್ಟು ಯಾರೂ ಮುಟ್ಟಬಾರದಂತ.”

ಹೆರಿಗೆ ನೆಟ್ಟಗೇ ಆಯಿತು. ನಡುಹಗಲಿಗೆ ಹೆಣ್ಣು ಕೂಸು, ಬಂದ ಕೂಡಲೇ ಅತ್ತಿತು. ಮಾಸೂ ಪೂರಾ ಬಂತು. ಕಾಶೆವ್ವ ಪರಾತದಲ್ಲಿ ಹರವಿ, ಎಲ್ಲಿಯೂ ಹರಿದಿಲ್ಲವೆಂದು ನೋಡಿದಳು. ಅಲ್ಲವ್ವ ಬೆವರಿನಲ್ಲಿ ತೊಯ್ದಿದ್ದರೂ ನಗುತ್ತಿದ್ದಳು. “ಮೂಗು ಯಾರಂಗ ಐತಿ? ಅವರ ಅಪ್ಪನಂಗ ಇದ್ದರ ವರಿಸೂದು ಭಾಳ ಆಗತೈತಿ.”

ಮರೆವ್ವ ಕೂಸನ್ನು ಎರೆಯಲು ಒಯ್ದಳು. ಕಾಶೆವ್ವ ಬಟ್ಟೆ ಬದಲಿಸಿದಳು. ಬದಲಿಸಿದ ಬಟ್ಟೆ ತೊಯ್ದಿತು. ಮತ್ತೆ ಬದಲಿಸಿದಳು, ಮತ್ತೆ ತೊಯ್ದಿತು. ಕೌದಿಯ ಅಂಚಿನಿಂದ ರಕ್ತ ನೆಲಕ್ಕೆ ಇಳಿಯತೊಡಗಿತು. ಪೆಟ್ಟಿಗೆಯಲ್ಲಿನ ಕಪ್ಪು ಚೀಟಿಯ ಶೀಶೆಯಿಂದ, ಬಾಯಿಯವರು ಅಳತೆ ತೋರಿಸಿಕೊಟ್ಟಿದ್ದ ಔಷಧ ಕುಡಿಸಿದಳು. ಅದು ಗೊತ್ತಿತ್ತು. ಅದರ ಮುಂದಿನದು?

“ಕಾಶಿ,” ಎಂದಳು ಅಲ್ಲವ್ವ. ನಗು ಹೋಗಿತ್ತು. “ಎಷ್ಟ ಹೋಗಾಕತ್ತೈತಿ?”

ಕಾಶೆವ್ವ ತೊಯ್ದ ಬಟ್ಟೆಯನ್ನು ಎತ್ತಿ ತೋರಿಸಿದಳು.

“ಹದಿನೆಂಟನೇದು ಎತ್ತು.”

ಕಾಶೆವ್ವ ಎತ್ತಿದಳು. ಅದು ತುದಿಯಿಂದಲೇ ಬಂತು. ರಕ್ತಸ್ರಾವ ಎಂದರೇನು, ಎಷ್ಟು ಬಗೆ, ಯಾವ ಯಾವ ಕಾರಣ. ಧಾಟಿ ತಪ್ಪದೆ ಸಾಲಿನ ಹಿಂದೆ ಸಾಲು.

“ಅದ ಬ್ಯಾಡ. ಅದನ್ನ ಬಿಡು,” ಅಲ್ಲವ್ವ ಅವಳ ಮಣಿಕಟ್ಟು ಹಿಡಿದಳು. “ಟ್ರೀಟ್‌ಮೆಂಟ್ ಅಂತ ಬರತೈತಲ್ಲಾ, ಅಲ್ಲಿಂದ ಹೇಳು.”

ಕಾಶೆವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ನಡುವಿನಲ್ಲಿ ಹಿಡಿಯಲು ಹೋದ ಎಳೆ ಕೈಗೆ ಹತ್ತಲಿಲ್ಲ. “ಬರವಲ್ತು ಅಲ್ಲಕ್ಕಾ. ಮೊದಲಿಂದನ ಬರತೈತಿ.”

“ಹಂಗಾದರ ಲಗೂನ ಬಾ.”

ಅವಳು ಮೊದಲಿನಿಂದ ಓಡುತ್ತ ಬಂದಳು. ಕಾರಣಗಳು ಮುಗಿಯಲೊಲ್ಲವು. ಒಂದು ಪುಟ ಕಾರಣ, ಅರ್ಧ ಪುಟ ಲಕ್ಷಣ. ಬಾಗಿಲಲ್ಲಿ ಕೂಸನ್ನು ಹಿಡಿದು ನಿಂತಿದ್ದ ಮರೆವ್ವನಿಗೆ ಇದು ಮಂತ್ರವೆಂದು ತೋರಿತು. ಕೂಸಿನ ಸಮೇತ ಗೋಡೆಗೆ ಹಣೆ ಹಚ್ಚಿದಳು. “ನಿಲ್ಲಸಬ್ಯಾಡ್ರಿ ಬಾಯಾರ. ಎಷ್ಟ ದೊಡ್ಡದಿದ್ದರೂ ಹೇಳ್ರಿ, ನಿಲ್ಲಸಬ್ಯಾಡ್ರಿ.”

ಟ್ರೀಟ್‌ಮೆಂಟ್ ಬಂತು.

ಮೊದಲನೆಯ ಸಾಲಿಗೆ ಅಲ್ಲವ್ವ ಹೇಳಿದಳು: “ಡಾಕ್ಟರಿಗಿ ಹೇಳಿ ಕಳಸು.” ಸತ್ತೆಪ್ಪ, ಊರ ಗೌಡರ ಹತ್ತಿರ ಕುದುರೆ ಬೇಡಲು ಓಡಿದ. ಎರಡನೆಯ ಸಾಲಿಗೆ: “ತಲಿದಿಂಬ ತಗಿ. ಕಾಲ ಕಡೆ ಎತ್ತರ ಮಾಡು.” ಕಾಶೆವ್ವ ಹೊರಸಿನ ಕಾಲಿಗೆ ಎರಡು ಇಟ್ಟಂಗಿ ಕೊಟ್ಟಳು. ಮೂರನೆಯದಕ್ಕೆ: “ಹೊಕ್ಕಳ ಕೆಳಗ ಕೈ ಇಡು. ಮೆತ್ತಗ ಐತೇನು? ತಿಕ್ಕು. ಸುತ್ತರಿಸಿ ತಿಕ್ಕು. ಗಟ್ಟಿ ಆಗೂತನಕ ಬಿಡಬ್ಯಾಡ.”

ತಿಕ್ಕಿದಳು. ಕೈಯಡಿಯಲ್ಲಿ ಗರ್ಭ ಬಿಗಿಯಿತು, ಹಸಿ ಮಾವಿನಕಾಯಿಯ ಹಾಗೆ. ರಕ್ತ ಸಣ್ಣದಾಯಿತು. ಕಾಶೆವ್ವ ಕಣ್ಣೆತ್ತಿದಳು. ಅಲ್ಲವ್ವನ ತುಟಿ ಬಿಳಿಚಿತ್ತು, ಆದರೂ ಅಂದಳು: “ನೋಡು. ಅರ್ಥ ಅಂದರ ಹಿಂಗ ಇರತೈತಿ.”

ಸ್ವಲ್ಪ ಹೊತ್ತಿಗೆ ಮತ್ತೆ ಮೆತ್ತಗಾಯಿತು. ಏನೋ ಒಂದು ಕೆಳಗಿನಿಂದ ಅದನ್ನು ಮೇಲೆ ನೂಕಿದ ಹಾಗೆ, ಗರ್ಭ ಹೊಕ್ಕಳ ಮೇಲಕ್ಕೆ ಒಂದು ಕಡೆ ಸರಿದು ನಿಂತಿತ್ತು. ಎಷ್ಟು ತಿಕ್ಕಿದರೂ ಗಟ್ಟಿ ನಿಲ್ಲದು. ರಕ್ತ ಮೊದಲಿಗಿಂತ ಹೆಚ್ಚಾಯಿತು.

ಕಾಶೆವ್ವ ನಾಲ್ಕನೆಯ ಸಾಲು ಹೇಳಿದಳು. “ಎ ಫುಲ್ ಬ್ಲ್ಯಾಡರ್ ಪ್ರಿವೆಂಟ್ಸ್ ರಿಟ್ರ್ಯಾಕ್ಷನ್ ಆ್ಯಂಡ್ ಶುಡ್ ಬಿ ರಿಲೀವ್ಡ್ ಅಟ್ ಒನ್ಸ್.”

ಅಲ್ಲವ್ವನ ತುಟಿ ಅಲುಗಿತು.

“ಏನಂದಿ ಅಕ್ಕಾ?”

ತುಟಿ ಮತ್ತೊಮ್ಮೆ ಅಲುಗಿತು. ದನಿ ಇರಲಿಲ್ಲ. ಕಾಶೆವ್ವ ಅವಳ ಬಾಯಿಯ ಹತ್ತಿರ ಕಿವಿ ಒಯ್ದಳು, ಉಸಿರು ಮಾತ್ರ ಸಿಕ್ಕಿತು. ಅವಳು ಸಾಲನ್ನು ಮತ್ತೆ ಹೇಳಿದಳು, ನಿಧಾನವಾಗಿ, ಕಿವಿ ಮಂದವಾದವರಿಗೆ ಹೇಳುವಂತೆ. ಮತ್ತೆ ಹೇಳಿದಳು. ಕೈ ತಿಕ್ಕುತ್ತಲೇ ಇತ್ತು, ಬಾಯಿ ಹೇಳುತ್ತಲೇ ಇತ್ತು. ಎಷ್ಟು ಸಲವೆಂದು ಅವಳಿಗೂ ನೆನಪಿಲ್ಲ. ಡಾಕ್ಟರನ್ನು ಕರೆಯಲು ಹೋದ ಸತ್ತೆಪ್ಪ ಇನ್ನೂ ಬಂದಿರಲಿಲ್ಲ. ಕಡೆಗೆ ಮರೆವ್ವ ಬಂದು ಅವಳ ಕೈಯನ್ನು ಹೊಟ್ಟೆಯ ಮೇಲಿನಿಂದ ಎತ್ತಿ ತೆಗೆದಳು.

“ಸಾಕ ಬಿಡ್ರಿ ಬಾಯಾರ. ನಿಮ್ಮ ಕಡಿಂದ ಏನೂ ಕಡಿಮಿ ಆಗಿಲ್ಲ. ಅಕೀ ಆಯುಷ್ಯ ಅಷ್ಟ ಇತ್ತು.”

*

ಮೂರನೆಯ ದಿನ ಡಾಕ್ಟರಬಾಯಿ ಮೋಟಾರಿನಲ್ಲಿ ಮೂಡಲಗಿಗೆ ಬಂದರು. ಮೇಲಿನವರಿಗೆ ವರದಿ ಕಳಿಸಬೇಕಾಗಿತ್ತು. ಎದುರಿಗೆ ಕುಳಿತು ಕಾಗದ ಬಿಡಿಸಿ, ಇಂಗ್ಲೀಷಿನಲ್ಲಿ ಕೇಳಿದರು: ಏನೇನು ಮಾಡಿದೆ?

ಕಾಶೆವ್ವ ಪ್ರಶ್ನೆಯನ್ನು ಊಹಿಸಿಕೊಂಡು ಹದಿನೆಂಟನೆಯ ಅಧ್ಯಾಯವನ್ನು ಪೂರಾ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಬಾಯಿಯವರು ತಲೆಯಾಡಿಸುತ್ತ ಬರೆದುಕೊಂಡರು. ಪೆನ್ನಿನ ಟೊಪ್ಪಿಗೆ ಹಾಕಿ, ಅವಳ ಭುಜದ ಮೇಲೆ ಕೈ ಇಟ್ಟರು. “ಸಗಳಾ, ಎಲ್ಲಾ ಬರೋಬರ್ ಮಾಡೀದಿ. ನಿನ್ನ ಚೂಕ, ತಪ್ಪ ಏನೂ ಇಲ್ಲಾ. ಅಳಬ್ಯಾಡ.”

“ಬಾಯಾರ, ಟ್ರೀಟ್‌ಮೆಂಟಿನ್ಯಾಗ ನಾಕನೇ ಸಾಲು ಐತೆಲ್ರಿ. ಅದರರ್ಥ ಏನ್ರಿ?”

ಬಾಯಿಯವರು ಪ್ರಶ್ನೆ ತಿಳಿಯದವರಂತೆ ನೋಡಿದರು. ಕಾಶೆವ್ವ ಸಾಲು ಹೇಳಿದಳು. ಅವರು ಕನ್ನಡ ಶಬ್ದಕ್ಕೆ ತಡಕಾಡಿ, ಸಿಗದೆ, ತಗಡಿನ ಪೆಟ್ಟಿಗೆ ತೆರೆದು ಅದರೊಳಗಿನ ಕೆಂಪು ರಬ್ಬರಿನ ನಳಿಗೆಯನ್ನು ಎತ್ತಿ, ಕೆಳಹೊಟ್ಟೆಯ ಮೇಲೆ ಕೈಯಿಟ್ಟು, ಉಚ್ಚಿ ಇಳಿಸುವುದನ್ನು ಸನ್ನೆ ಮಾಡಿ ತೋರಿಸಿದರು.

ಅಂದು ಮಸಗುಪ್ಪಿಯಲ್ಲಿ ಆ ನಳಿಗೆ ಕುದಿಸಿದ ನೀರಿನಲ್ಲಿ, ಅವಳ ಬಲಗೈಗೆ ನಿಲುಕುವಂತೆ ಇತ್ತು. ಪ್ರತಿ ಹೆರಿಗೆಗೂ ಕುದಿಸಬೇಕೆಂದು ಹೇಳಿದ್ದರು, ಕುದಿಸುತ್ತಿದ್ದಳು. ಉಚ್ಚಿ ಚೀಲ ತುಂಬಿ ಗರ್ಭವನ್ನು ಮೇಲೆ ನೂಕಿತ್ತು. ಅದನ್ನು ಖಾಲಿ ಮಾಡಿದ್ದರೆ ಗರ್ಭ ಕೆಳಗಿಳಿದು ಬಿಗಿಯುತ್ತಿತ್ತು. ವೀ-ವೀ ಎಂದದ್ದು ಇದಕ್ಕೆ. ನಕ್ಕಿದ್ದಳು ತಾನು.

“ನನಗ ತಿಳದಿದ್ದಿಲ್ರಿ,” ಎಂದಳು. “ಅದೊಂದ ಅಲ್ಲ. ಯಾವುದೂ ತಿಳದಿಲ್ಲ. ಅರ್ಥಾ ಎಲ್ಲಾ ಅಕೀ ಕಡೆ ಇತ್ರಿ.”

“ನಾ ಕೇಳಿದ್ದೆ ನಿನಗ. ಸಮಜತೈತಿ ನಾ ಅಂತ.”

“ಕೇಳಿದ್ರಿ. ನಾ ಸುಳ್ಳ ಹೇಳಿದೆ.”

ಬಾಯಿಯವರು ಎದ್ದು ಕಿಟಕಿಯ ಹತ್ತಿರ ಹೋದರು. ಕಾಶೆವ್ವನಿಗೆ ಮತ್ತೆ ಅವರ ಬೆನ್ನು ಕಂಡಿತು. ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಿನ್ನ ತಗದರ ಇಲ್ಲಿ ಯಾರನ್ನ ಕೂಡಿಸಲಿ? ಇನ್ನೊಬ್ಬಳು ತಯಾರ ಆಗೋದಕ್ಕ ಎರಡ ವರ್ಷ. ಅಲ್ಲೀತನಕ ಈ ಊರುಗಳೆಲ್ಲ?” ಕಾಗದವನ್ನು ಮಡಚಿ ಚೀಲದಲ್ಲಿ ಇಟ್ಟರು. “ರಿಪೋರ್ಟ್ ಹಿಂಗ ಹೋಗತೈತಿ. ಈ ಗೋಷ್ಟ, ಈ ಮಾತು, ನನ್ನ ನಿನ್ನ ಮಧ್ಯ. ಯಾರಿಗೂ ಹೇಳಬ್ಯಾಡ.”

ನಾಲ್ಕರ ಮೋಟಾರಿಗೆ ಅವರು ಹೋದರು.

ಕಾಶೆವ್ವ ಒಂದು ವಹಿ ತೆಗೆದು, ಪುಟದ ನಡುವೆ ಗೆರೆ ಎಳೆದಳು. ಎಡಕ್ಕೆ ಸಾಲು, ಬಲಕ್ಕೆ ಅರ್ಥ. ಹದಿನೆಂಟನೆಯದರಲ್ಲಿ ಅಲ್ಲವ್ವ ಹೊರಸಿನ ಮೇಲಿಂದ ಹೇಳಿದ ಮೂರನ್ನು, ಅವಳು ಹೇಳಿದ ಹಾಗೆಯೇ ಬರೆದಳು. ನಾಲ್ಕನೆಯದನ್ನೂ ಬರೆದಳು. ಬಳಿಕ ಮೊದಲನೆಯ ಅಧ್ಯಾಯಕ್ಕೆ ಬಂದಳು. ಒಂದೂವರೆ ವರ್ಷ ಒಗೆಯುವ ಕಲ್ಲಿನ ಹತ್ತಿರ ಅಲ್ಲವ್ವ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದಳು. ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಬಟ್ಟೆ ಬಡಿಯುವ ಸಪ್ಪಳ ಕೇಳಿತು. ಅಲ್ಲವ್ವ ಯಾರನ್ನೋ ಅಣಕಿಸಿದ್ದು ಕೇಳಿತು. ಮಿಕ್ಕಂತೆ ಎಲ್ಲ ತನ್ನದೇ ದನಿ. ಪದ್ಯವನ್ನು ಕಾಯ್ದಿಟ್ಟುಕೊಳ್ಳಬೇಕೆಂದು ಅವಳಿಗೆ ಕಲಿಸಿದ್ದರು. ಅರ್ಥವನ್ನೂ ಕಾಯ್ದಿಟ್ಟುಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ. ಬಲಗಡೆ ಖಾಲಿಯೇ ಉಳಿಯಿತು.

ಇಳಿಹೊತ್ತಿಗೆ ಹೊರಗೆ ಗಾಡಿ ನಿಂತಿತು. ಬೀರಸಿದ್ದಪ್ಪ ಕೂಗಿದ: “ಬಾಯಾರ, ಹೆರಿಗಿ ಬಂದೈತ್ರಿ.”

ಗಾಡಿಯಲ್ಲಿ ಇನ್ನೂ ಹದಿನೇಳಾಗದ ಹೆಂಗಸು, ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ತಾಯಿಯ ಹೆಸರು ಸುಂದ್ರವ್ವ. “ಮುಂಜಾನಿಂದ ಹಿಂಗ ಐತ್ರಿ,” ಎಂದಳು. “ಕೂಸಿನ ಕಾಲು ಮುಂದ ಬಂದಾವರಿ.”

ಕಾಲು ಮುಂದೆ ಬರುವುದು ಹದಿನಾಲ್ಕನೆಯ ಅಧ್ಯಾಯ. ಅದು ತುದಿಯಿಂದ ಕಡೆಯವರೆಗೆ ಕಾಶೆವ್ವನ ನಾಲಿಗೆಯ ಮೇಲೆ ಎದ್ದು ನಿಂತಿತು. ಕೇಳಿದವರು ಕಣ್ಣೊರೆಸಿಕೊಳ್ಳುವಂತೆ ಹೇಳಬಲ್ಲಳು.

ಸುತ್ತ ಆಗಲೇ ಎಂಟು ಹತ್ತು ಜನ ನೆರೆದಿದ್ದರು, ಎದುರಿನ ಅಂಗಡಿಯ ಅಣ್ಣಾಸಾಹೇಬರೂ ಎದ್ದು ಬಂದಿದ್ದರು.

“ಇದು ನನಗ ಬರಂಗಿಲ್ಲ,” ಎಂದಳು ಕಾಶೆವ್ವ.

ಸುಂದ್ರವ್ವನಿಗೆ ಅರ್ಥವಾಗಲಿಲ್ಲ. “ಏನಂದ್ರಿ ಬಾಯಾರ?”

“ನನಗ ಬರಂಗಿಲ್ಲವ್ವಾ. ಓದೇನಿ, ತಿಳದಿಲ್ಲ. ನಾ ಕೈ ಹಾಕಿದರ ಕೆಡಸತೇನಿ.” ದನಿ ಎಲ್ಲರಿಗೂ ಕೇಳುವಷ್ಟು ಇತ್ತು. “ಗೋಕಾಕಕ್ಕ ಹೊಡೀರಿ. ಡಾಕ್ಟರಬಾಯಿ ಈಗಷ್ಟ ಹೋಗ್ಯಾರ, ಸಿಗತಾರ. ನಾನೂ ಬರತೇನಿ.”

“ಆರ ಹರದಾರಿ ಐತೆಲ್ರಿ, ಮುಟ್ಟೂದರಾಗ ರಾತ್ರಿ ಆಗತೈತಿ,” ಎಂದ ಗಾಡಿಯವನು.

“ಹಂಗಾದರ ಗ್ವಾಡಿ ಮ್ಯಾಲಿಂದು ಏನ್ರೀ ಅದು?” ಅಣ್ಣಾಸಾಹೇಬರು ಒಳಗೆ ಬೆರಳು ತೋರಿಸಿ ಕೇಳಿದರು. “ಪಂಚಾಂಗೇನು?” ಯಾರೋ ನಕ್ಕರು. ಬೀರಸಿದ್ದಪ್ಪ ಬಾಯಲ್ಲಿನ ಎಲೆ ಉಗುಳಲು ಮರೆತು ನಿಂತಿದ್ದ. ಸಂಜೆಯೊಳಗೆ ಪೇಟೆಗೆ, ನಾಳೆಯೊಳಗೆ ಗೋಕಾಕಕ್ಕೆ, ನಾಡಿದ್ದು ಅಂಕಲಗಿಗೆ ಹೋಗುವ ಮಾತು.

ಕಾಶೆವ್ವ ಪೆಟ್ಟಿಗೆ ತಂದು ಗಾಡಿಯಲ್ಲಿಟ್ಟಳು, ತಾನೂ ಹತ್ತಿದಳು. 

ಊರು ದಾಟಿದ ಮೇಲೆ ದಾರಿ ಕೆಟ್ಟಿತ್ತು. ಗಾಲಿ ತಗ್ಗಿಗೆ ಬಿದ್ದಾಗಲೆಲ್ಲ ಹುಡುಗಿ ಚೀರುವಳು, ಆಮೇಲೆ ಚೀರುವುದನ್ನೂ ಬಿಟ್ಟಳು. ಸುಂದ್ರವ್ವ ಅಂಗಲಾಚಿದಳು: “ಏನಾರೆ ಹೇಳ್ರಿ ಬಾಯಾರ. ಮಸಗುಪ್ಪ್ಯಾಗ ಹೇಳಿದ್ರಂತಲ್ರಿ, ಆ ಮಂತ್ರಾನರೆ ಹೇಳ್ರಿ.”

ಕಾಶೆವ್ವ ಬಾಯಿ ಬಿಡಲಿಲ್ಲ. ಹುಡುಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಒಳಗೆ ಓಡುತ್ತಿದ್ದ ನಾಡಿಯನ್ನು ಎಣಿಸುತ್ತ ಕುಳಿತಳು. ಆರರಲ್ಲಿ ಇನ್ನೂ ಎರಡು ಹರದಾರಿಯೂ ಆಗಿರಲಿಲ್ಲ.